ಮೂರು ಗಂಟಿನ ಕಾವಲುಗಾರ

ಗಾಳಿ ಸುಳಿಯದ ದೊಡ್ಡ ಕರುಳಿನಲ್ಲಿ ಒಂದು ಜಂಭದ ರೋಗಾಣು ಇತ್ತು. ಕಂಡ ಗಂಟನ್ನೆಲ್ಲ ಬಿಚ್ಚುವುದು ಅದರ ಕುಲಕಸುಬು. ಒಂದು ದಿನ ಅದು ಕರುಳಿನ ಗೋಡೆಗೆ ಕನ್ನ ಹಾಕಲು ಹೊರಟಾಗ, ಲೋಳೆಯ ಪದರದಲ್ಲಿ ಕಾವಲಿಗಿದ್ದ ಪುಟ್ಟ ಪ್ರೋಟೀನು ಅಡ್ಡ ಬಂತು. ಅದರ ಮೈಯನ್ನು ಗಂಧಕದ ಮೂರು ಗಂಟುಗಳು ಮುದುರಿ ಕಟ್ಟಿದ್ದವು.

“ಕೈಕಾಲು ಕಟ್ಟಿಸಿಕೊಂಡು ಕೂತ ನೀನು ನನ್ನನ್ನು ತಡೆಯುತ್ತೀಯಾ?” ಎಂದಿತು ರೋಗಾಣು.

“ನನ್ನ ಕೈಲಿ ಏನಾಗುತ್ತದೆ ಸ್ವಾಮಿ,” ಎಂದಿತು ಪ್ರೋಟೀನು ದೀನವಾಗಿ. “ದಾರಿ ಬಿಡುತ್ತೇನೆ. ಈ ಗಂಟುಗಳನ್ನು ಮಾತ್ರ ಮುಟ್ಟಬೇಡಿ. ಬಿಚ್ಚಿದರೆ ನನ್ನ ಆಕಾರವೇ ಉಳಿಯುವುದಿಲ್ಲ.”

ಬೇಡ ಅಂದದ್ದೇ ತಡ, ರೋಗಾಣುವಿನ ಬಾಯಲ್ಲಿ ನೀರೂರಿತು. ಗೋಡೆ ಎಲ್ಲಿಗೂ ಓಡಿಹೋಗುವುದಿಲ್ಲ, ಮೊದಲು ಇವನ ಆಕಾರ ಕೆಡಿಸೋಣ ಎಂದುಕೊಂಡು ಒಂದು ಗಂಟು ಬಿಚ್ಚಿತು, ಇನ್ನೊಂದು ಬಿಚ್ಚಿತು, ಕೊನೆಯದನ್ನು ಹಲ್ಲಿನಿಂದ ಎಳೆದು ಬಿಚ್ಚಿತು. ಪ್ರೋಟೀನು ಉದ್ದಕ್ಕೆ ಮೈಚಾಚಿ, ರೋಗಾಣುವನ್ನು ಬಲೆಯಂತೆ ಸುತ್ತಿಕೊಂಡಿತು.

“ಆಕಾರ ಉಳಿಯುವುದಿಲ್ಲ ಎಂದಿದ್ದೆಯಲ್ಲೋ,” ಎಂದು ರೋಗಾಣು ಬಲೆಯೊಳಗಿಂದ ನರಳಿತು.

“ಉಳಿಯಲಿಲ್ಲವಲ್ಲ,” ಎಂದಿತು ಪ್ರೋಟೀನು ಇನ್ನಷ್ಟು ಬಿಗಿಯುತ್ತ. “ಆ ಆಕಾರದಲ್ಲಿ ನಿಮ್ಮ ಒಂದು ಕೂದಲನ್ನೂ ಕೊಂಕಿಸಲು ನನ್ನಿಂದ ಆಗುತ್ತಿರಲಿಲ್ಲ, ಸ್ವಾಮಿ.”