ದಾರ ಸುತ್ತಿದ ಕನ್ನಡಕ

"ಅಜ್ಜಾರ, ನಾನಾಗಿ ಬಿಟ್ಟು ಬಂದಿದ್ದನ್ನ ತಿರುಗಿ ಕೇಳಾಕ ನನಗ ಮುಖ ಐತೇನ್ರಿ?"

ಚೆನ್ನವೀರ ಹೀಗೆ ಕೇಳಿದಾಗ ಗುರುಗಳು ಮಠದ ಪಡಸಾಲೆಯಲ್ಲಿ ಅವನ ಜೊತೆ ಶೇಂಗಾ ಸುಲಿಯುತ್ತಾ ಕುಳಿತಿದ್ದರು. ಸುಗ್ಗಿ ಮುಗಿದ ಮೇಲೆ ಮಠಕ್ಕೆ ವರ್ಷಕ್ಕೊಂದು ಚೀಲ ಶೇಂಗಾ ಬರುತ್ತಿತ್ತು. ಚೀಲದ ಮೇಲೆ ಕಳಿಸಿದವರ ಹೆಸರಿರುತ್ತಿರಲಿಲ್ಲ. ಮಠಗಳಿಗೆ ಹಾಗೆ ಎಷ್ಟೋ ಬರುತ್ತವೆ, ಶಿಷ್ಯರು ಯಾರೂ ವಿಚಾರಿಸಲು ಹೋಗುವುದಿಲ್ಲ.

ಚೆನ್ನವೀರ ಎಂಟು ವರ್ಷದ ಹಿಂದೆ ಅಣ್ಣನ ಒಂದು ಮಾತಿಗೆ ಸಿಟ್ಟಾಗಿ, ಉಣ್ಣುತ್ತಿದ್ದ ತಾಟು ಸರಿಸಿ ಎದ್ದು ಈ ಮಠಕ್ಕೆ ಬಂದವನು. ಸಿಟ್ಟು ಆರು ತಿಂಗಳಲ್ಲೇ ಇಳಿದಿತ್ತು. ಆದರೆ ಅಣ್ಣ ಒಂದು ದಿನವೂ ಹೇಳಿ ಕಳಿಸಲಿಲ್ಲ. ತಾನಿರುವ ಜಾಗ ಅಣ್ಣನಿಗೆ ಗೊತ್ತು, ಬೇಕಾಗಿದ್ದರೆ ಕರೆಯುತ್ತಿದ್ದ, ಕರೆಯಲಿಲ್ಲ ಎಂದರೆ ತನ್ನ ಪಾಲಿಗೆ ಆ ಮನೆಯ ಬಾಗಿಲು ಮುಚ್ಚಿದಂತೆಯೇ. ಈ ವಾದ ಅವನಿಗೆ ಬಾಯಿಪಾಠವಾಗಿತ್ತು.

ಗುರುಗಳು ಒಂದು ಕತೆ ಹೇಳತೊಡಗಿದರು. ಸಮುದ್ರವನ್ನೇ ಕಾಣದ ಅವರು ಹಡಗಿನ ಕತೆ ಎತ್ತಿಕೊಂಡದ್ದು ಚೆನ್ನವೀರನಿಗೆ ವಿಚಿತ್ರವೆನಿಸಿತು. ಕತೆ ಹೇಳಲು ಈಜು ಬರಬೇಕಿಲ್ಲ ಎಂದು ಅವರೇ ನಕ್ಕು ಮುಂದುವರಿಸಿದರು.

ಒಬ್ಬ ಬಟ್ಟೆ ವ್ಯಾಪಾರಿ ಇದ್ದ. ಅವನ ಹೆಂಡತಿಗೆ ಸಮುದ್ರ ನೋಡುವ ಆಸೆ. ಅಂಗಡಿ ಬಿಟ್ಟು ಹೊರಡಲು ಅವನಿಗೆ ಪುರುಸೊತ್ತಾಗಲಿಲ್ಲ. ಮುಂದಿನ ವರ್ಷ, ಮುಂದಿನ ವರ್ಷ ಎನ್ನುತ್ತಿರುವಾಗಲೇ ಹೆಂಡತಿ ತೀರಿಕೊಂಡಳು. ಆಗ ಅವನಿಗೆ ಪುರುಸೊತ್ತಾಯಿತು. ಪ್ರವಾಸದ ದೊಡ್ಡ ಹಡಗಿನಲ್ಲಿ ಒಂದು ಕೋಣೆ ಹಿಡಿದು ಐದು ದಿನಕ್ಕೆ ಹೊರಟ. ಜೊತೆಗೆ ಅವಳ ಕನ್ನಡಕ ಒಯ್ದ. ಅದರ ಎಡಗಡೆಯ ಕಡ್ಡಿ ಮುರಿದಿತ್ತು. ಅವಳೇ ಬಿಳಿ ದಾರ ಸುತ್ತಿ ಬಿಗಿದಿದ್ದಳು. ಕೋಣೆಯ ಕಿಟಕಿಯ ಹತ್ತಿರ, ಸಮುದ್ರಕ್ಕೆ ಮುಖ ಮಾಡಿ ಅದನ್ನಿಟ್ಟ. ಹುಚ್ಚುತನ ಎಂದು ಅವನಿಗೇ ಗೊತ್ತಿತ್ತು. ಆದರೂ ಆ ಐದು ದಿನ ಅವನಿಗೆ ಒಬ್ಬನೇ ಇದ್ದೇನೆ ಎನಿಸಲಿಲ್ಲ.

ಆ ಹಡಗಿನಲ್ಲಿ ಒಂದು ಪದ್ಧತಿ ಇತ್ತು. ಇಳಿಯುವ ಹಿಂದಿನ ಸಂಜೆಯೇ ಪ್ರಯಾಣಿಕರು ಪೆಟ್ಟಿಗೆ ಕಟ್ಟಿ ಕೋಣೆಯ ಹೊರಗಿಡಬೇಕು. ಹಡಗಿನ ಆಳುಗಳು ಅದನ್ನು ಒಯ್ದು ಮರುದಿನ ದಡದಲ್ಲಿ ಕೊಡುತ್ತಾರೆ. ವ್ಯಾಪಾರಿ ಎಲ್ಲವನ್ನೂ ಕಟ್ಟಿದ. ಕನ್ನಡಕವನ್ನು ಮಾತ್ರ, ಬೆಳಗಿನ ಸಮುದ್ರವನ್ನೂ ನೋಡಲಿ ಎಂದು ಅಲ್ಲೇ ಬಿಟ್ಟ. ಬೆಳಗ್ಗೆ ಕೋಣೆಯಲ್ಲಿ ಪೆಟ್ಟಿಗೆ ಇರಲಿಲ್ಲ, ತುಂಬುವ ನೆನಪೂ ಬರಲಿಲ್ಲ. ಕೈ ಬೀಸಿಕೊಂಡು ಇಳಿದುಹೋದ. ಮನೆಯಲ್ಲಿ ಪೆಟ್ಟಿಗೆ ಬಿಚ್ಚಿದಾಗಲೇ ಕನ್ನಡಕ ಹಡಗಿನಲ್ಲಿ ಉಳಿಯಿತೆಂದು ಅವನಿಗೆ ಹೊಳೆದದ್ದು.

ಅವನು ಹಡಗಿನವರಿಗೆ ಬರೆಯಲಿಲ್ಲ. ಅಷ್ಟು ದೊಡ್ಡ ಅಂಗಡಿಯ ಧಣಿ ಒಂದು ಮುರುಕು ಕನ್ನಡಕಕ್ಕಾಗಿ ಅಂಗಲಾಚುವುದು ಹೇಗೆ? ಸಿಕ್ಕಿದ್ದರೆ ಅವರೇ ತಿಳಿಸುತ್ತಾರೆ ಎಂದು ಕಾದ. ಟಪಾಲಿನವನು ಬಂದಾಗಲೆಲ್ಲ ತಲೆ ಎತ್ತಿ ನೋಡಿದ. ತಿಂಗಳುಗಳು ಹೋದವು. ಕಸದ ಬುಟ್ಟಿಗೆ ಎಸೆದಿದ್ದಾರೆ ಎಂದು ಹಡಗಿನವರ ಮೇಲೆ ಹಲ್ಲು ಕಡಿದ, ಆಮೇಲೆ ತನ್ನ ಮೇಲೆಯೇ ಕಡಿದ. ಬದುಕಿದ್ದಾಗ ಅವಳಿಗೆ ಸಮುದ್ರ ತೋರಿಸಲಿಲ್ಲ, ಸತ್ತ ಮೇಲೆ ಸಮುದ್ರದಲ್ಲೇ ಬಿಟ್ಟು ಬಂದೆ ಎಂಬ ಕೊರಗು ಅವನನ್ನು ತಿನ್ನತೊಡಗಿತು.

ಹದಿನಾಲ್ಕನೆಯ ತಿಂಗಳಲ್ಲಿ ಅಂಥದೇ ಇನ್ನೊಂದನ್ನು ಮಾಡಿಸಿಕೊಳ್ಳಲು ಕನ್ನಡಕದ ಅಂಗಡಿಗೆ ಹೋದ. ಅಂಗಡಿಯವನು ಕೈಯಲ್ಲಿದ್ದ ಕೆಲಸ ಬಿಟ್ಟು ಎಲ್ಲವನ್ನೂ ಕೇಳಿಸಿಕೊಂಡ.

"ಅವರ ಕಡೆ ನನ್ನ ವಿಳಾಸ ಐತಿ. ಸಿಕ್ಕಿದ್ರ ಬರೀತಿದ್ದಿಲ್ಲೇನು?" ಎಂದ ವ್ಯಾಪಾರಿ.

"ಅವರು ಬರೀಲಿಲ್ಲ, ಖರೆ. ನೀವು ಕೇಳೀರೇನ್ರಿ?" ಎಂದ ಅಂಗಡಿಯವನು.

ವ್ಯಾಪಾರಿ ಅಂದೇ ಪತ್ರ ಬರೆದ. ಕೋಣೆಯ ನಂಬರು, ಇಳಿದ ತಾರೀಕು, ಎಡಗಡೆ ಕಡ್ಡಿಗೆ ಬಿಳಿ ದಾರ, ಇಷ್ಟೇ. ಮೂರು ವಾರಕ್ಕೆ ಒಂದು ಪುಟ್ಟ ಡಬ್ಬಿ ಬಂತು. ಒಳಗೆ ಹತ್ತಿಯ ಮೇಲೆ ಕನ್ನಡಕ. ಜೊತೆಗೆ ಆ ಕೋಣೆ ಗುಡಿಸುವ ಹೆಂಗಸು ಬರೆದ ಕಾಗದ. ಜನ ಏನೇನೋ ಮರೆತು ಹೋಗುತ್ತಾರಂತೆ. ಹಲ್ಲಿನ ಸೆಟ್ಟು, ಒಂಟಿ ಚಪ್ಪಲಿ, ಒಮ್ಮೆ ಯಾರದೋ ಮದುವೆಯ ಕೋಟು. ಹಿಂದೊಮ್ಮೆ ಮರೆತ ಬಳೆಯೊಂದನ್ನು ಹಡಗಿನವರು ತಾವಾಗಿಯೇ ಪ್ರಯಾಣಿಕನ ಮನೆಗೆ ಕಳಿಸಿದ್ದರು. ಬಳೆ ಆ ಮನೆಯೊಡತಿಯದ್ದಾಗಿರಲಿಲ್ಲ, ದೊಡ್ಡ ರಾದ್ಧಾಂತವಾಯಿತು. ಅಂದಿನಿಂದ ಅವರು ತಾವಾಗಿ ಯಾರಿಗೂ ತಿಳಿಸುವುದಿಲ್ಲ. ಸಿಕ್ಕಿದ್ದಕ್ಕೆ ತಾರೀಕಿನ ಚೀಟಿ ಕಟ್ಟಿ ಮೂರು ತಿಂಗಳು ಇಡುತ್ತಾರೆ. ಕೇಳಿದರೆ ಕೊಡುತ್ತಾರೆ, ಕೇಳದಿದ್ದರೆ ಎಸೆಯುತ್ತಾರೆ.

ಕನ್ನಡಕಕ್ಕೆ ಐದು ಚೀಟಿಗಳಿದ್ದವು, ಒಂದರ ಮೇಲೊಂದು. ಎಲ್ಲದರ ಬರಹವೂ ಒಂದೇ ಕೈಯದು, ಮೂರು ಮೂರು ತಿಂಗಳಿಗೊಂದು ಹೊಸ ತಾರೀಕು. ಹೀಗೆ ದಾರ ಸುತ್ತಿ ಉಳಿಸಿಕೊಂಡದ್ದನ್ನು ಯಾರೂ ಬೇಕೆಂದೇ ಬಿಟ್ಟು ಹೋಗುವುದಿಲ್ಲ, ನೀವು ಕೇಳಲಿ ಎಂದು ಕಾಯುತ್ತಿದ್ದೆ ಎಂದು ಅವಳು ಬರೆದಿದ್ದಳು. ವ್ಯಾಪಾರಿ ಅಂಗಡಿಯಲ್ಲಿ ಗಿರಾಕಿಗಳ ಎದುರೇ ಅತ್ತ. ಅವನಿಗೆ ನಾಚಿಕೆಯಾಗಲಿಲ್ಲ.

ಕತೆ ಮುಗಿಯಿತು. ಚೆನ್ನವೀರ ಕೈಯಲ್ಲಿದ್ದ ಶೇಂಗಾ ಕೆಳಗಿಟ್ಟ. ಅವನಿಗೆ ಸಮಾಧಾನವೂ ಆಗಿತ್ತು, ಅದನ್ನು ನಂಬಲು ಭಯವೂ ಆಗಿತ್ತು.

"ಎಂಟು ವರ್ಷ ಆತ್ರೀ ಅಜ್ಜಾರ," ಎಂದ. "ಎಂಟು ವರ್ಷ ನನಗಂತ ಚೀಟಿ ಬದಲಿಸೋರು ಯಾರದಾರ?"

ಗುರುಗಳು ಚೀಲದ ತಳದಲ್ಲಿ ಉಳಿದಿದ್ದ ಶೇಂಗಾವನ್ನು ಮೊರಕ್ಕೆ ಸುರಿದರು. ಖಾಲಿ ಚೀಲವನ್ನು ಕೊಡವಿ, ನಾಲ್ಕು ಮಡಿಕೆ ಮಾಡಿ, ಅವನ ಮುಂದಿಟ್ಟರು.

"ಇದು ಎಂಟನೇ ಚೀಲ, ನಾಳೆ ಹೋಗಿ ನಿಮ್ಮಣ್ಣನ ಕೈಯಾಗ ಕೊಟ್ಟು ಬಾ."