ಅಣ್ಣತಮ್ಮಂದಿರ ಚರ್ಮ

“ಗುರುಗಳೇ, ಮೈಯಿಂದ ಹೊಟ್ಟು ಉದುರುವವರು ದಾಸೋಹದ ಅಡುಗೆ ಮುಟ್ಟಬಹುದೇ?”

ಚೆನ್ನವೀರ ಕೇಳಿದ್ದು ರೊಟ್ಟಿ ಬಡಿಯುವ ಪಾರವ್ವನ ವಿಷಯ. ಅವಳ ಮೊಣಕೈಯಲ್ಲಿ ಸೋರಿಯಾಸಿಸ್ ಎಂಬ ಚರ್ಮರೋಗ ಕಾಣಿಸಿಕೊಂಡಿತ್ತು. ಮಠದ ಅಡುಗೆಮನೆಯ ಹೊಣೆ ಚೆನ್ನವೀರನದು. ಅವಳನ್ನು ಅಂದೇ ಕಳಿಸಿಬಿಡಬೇಕೆಂದು ನಿಶ್ಚಯಿಸಿಯೇ ಬಂದಿದ್ದ. ಗುರುಗಳ ಒಪ್ಪಿಗೆಯೊಂದು ಬೇಕಿತ್ತು. ಗುರುಗಳು ಹೌದು, ಅಲ್ಲ ಎನ್ನದೆ ಕತೆ ಶುರುಮಾಡಿದರು.

ಒಬ್ಬ ಮಿಠಾಯಿ ವ್ಯಾಪಾರಿಗೆ ಒಬ್ಬ ತಮ್ಮನಿದ್ದ. ಅಂಗಡಿಯಲ್ಲಿ ಲಾಡು ಕಟ್ಟುವವನು ತಮ್ಮನೇ. ಅವನ ಮೊಣಕೈಗಳಲ್ಲಿ ಕೆಂಪು ಕಲೆ ಎದ್ದು ಬಿಳಿ ಚಕ್ಕೆ ಉದುರತೊಡಗಿತು. ಗಿರಾಕಿಗಳು ಹಿಂಜರಿದರು. ಅಣ್ಣ ಅವನಿಗೆ ಬೇರೆ ತಟ್ಟೆ ಇಟ್ಟ, ಒಲೆಯ ಹತ್ತಿರ ಬರಬೇಡ ಎಂದ. ತಮ್ಮ ಎದುರಾಡಲಿಲ್ಲ. ಕಲ್ಲಿನಿಂದ ಕೈ ಉಜ್ಜಿಕೊಂಡ. ರಕ್ತ ಬಂತು, ಚಕ್ಕೆ ಇನ್ನೂ ಹೆಚ್ಚಿತು.

ಅಣ್ಣನಿಗೆ ದಿಗಿಲಾಯಿತು. ತನಗೂ ತಗುಲಿದ್ದರೆ ಅಂಗಡಿಗೆ ಬೀಗವೇ. ತಮ್ಮನನ್ನು ಕರೆದುಕೊಂಡು ವೈದ್ಯರಲ್ಲಿಗೆ ಹೋಗಿ, ಇಬ್ಬರನ್ನೂ ಪರೀಕ್ಷಿಸಿ, ನನ್ನ ಮೈ ಶುದ್ಧವಾಗಿದೆ ಎಂದು ಬರೆದುಕೊಡಿ ಎಂದ. ವೈದ್ಯರು ಇಬ್ಬರ ಮೊಣಕೈಯಿಂದಲೂ ಚೂರು ಚರ್ಮ ತೆಗೆದಿಟ್ಟುಕೊಂಡರು. ಉತ್ತರ ಬರುವ ತನಕ ಅಣ್ಣ ದಿನಕ್ಕೆ ಹತ್ತು ಸಲ ತೋಳು ಮಡಚಿ ನೋಡಿಕೊಂಡ.

ಹೇಳಿದ ದಿನ ವೈದ್ಯರು ಇಬ್ಬರನ್ನೂ ಕೂರಿಸಿ ವಿವರಿಸಿದರು. ಇಬ್ಬರ ಚರ್ಮದಲ್ಲೂ ಇರುವುದು ಒಂದೇ ಬಗೆಯ ಕಿಣ್ವಗಳು. ಹಳೆಯ ಚರ್ಮದ ಜೀವಕಣಗಳನ್ನು ಹಿಡಿದಿಟ್ಟ ಬಂಧವನ್ನು ಅವು ಬಿಡಿಸುತ್ತವೆ. ಅಣ್ಣನಲ್ಲಿ ಕಣ ಹುಟ್ಟಿ, ಬಲಿತು, ಮೇಲೆ ಬಂದು ಕಳಚಲು ಸುಮಾರು ಒಂದು ತಿಂಗಳು. ತಮ್ಮನ ಕಲೆಗಳಲ್ಲಿ ಕಿಣ್ವಗಳ ಹತೋಟಿ ತಪ್ಪಿದೆ, ಎಲ್ಲಕ್ಕೂ ಅವಸರ. ಕಣಗಳು ವಾರದೊಳಗೆ, ಬಲಿಯುವ ಮೊದಲೇ ಮೇಲೆ ಬಂದು ಒಂದಕ್ಕೊಂದು ಅಂಟಿಕೊಂಡು ಚಕ್ಕೆಯಾಗಿ ಬೀಳುತ್ತವೆ. ಇದು ಯಾರಿಗೂ ಅಂಟುವ ರೋಗವಲ್ಲ.

“ಅಂದರೆ ನನ್ನದೂ ಉದುರುತ್ತದೆಯೇ?” ಎಂದ ಅಣ್ಣ.

“ದಿನವೂ. ಕಣ್ಣಿಗೆ ಕಾಣುವಷ್ಟು ದೊಡ್ಡದಾಗಿ ಅಲ್ಲ, ಅಷ್ಟೆ.”

ಅಣ್ಣ ಬರೆದುಕೊಡಿ ಎಂದು ಮತ್ತೆ ಕೇಳಲಿಲ್ಲ. ಮರುದಿನ ತಮ್ಮನನ್ನು ಒಲೆಯ ಮುಂದೆ ಕೂರಿಸಿ, ಅವನು ಕಟ್ಟಿದ ಮೊದಲ ಲಾಡನ್ನು ಗಿರಾಕಿಗಳ ಎದುರಿಗೇ ತಿಂದ. ಕೆಲವರು ಎದ್ದು ಹೋದರು. ಅಣ್ಣ ಅವರನ್ನು ಕರೆಯಲಿಲ್ಲ. ತಮ್ಮನ ಕಲೆ ಔಷಧದಿಂದ ತಗ್ಗಿತು, ಮಾಗಿಯಲ್ಲಿ ಮತ್ತೆ ಎದ್ದಿತು. ಅವನನ್ನು ಮಾತ್ರ ಆ ಜಾಗದಿಂದ ಯಾರೂ ಎಬ್ಬಿಸಲಿಲ್ಲ.

ಚೆನ್ನವೀರನಿಗೆ ಸಮಾಧಾನವಾಗಲಿಲ್ಲ. ಅಂಗಡಿಯ ಮಾತು ಬೇರೆ, ಇದು ಪ್ರಸಾದ. ಉದುರುವ ಮೈಯನ್ನು ಅಡುಗೆಮನೆಯೊಳಗೆ ಹೇಗೆ ಬಿಡುವುದು ಎಂದ.

ಗುರುಗಳು ಅವನನ್ನೇ ನೋಡಿದರು.

“ಹಾಗಾದರೆ ಇಷ್ಟು ದಿನ ನೀನು ಒಳಗೆ ಹೇಗೆ ಹೋದೆ?”