ರಸ್ತೆ ದಾಟದ ಟಯರು

ಭಟ್ಕಳದ ಆಚೆ, ಕಡಲ ಬದಿಯ ಒಂದೂರಿನಲ್ಲಿ ಮಾಸ್ತಮ್ಮ ಅಂತ ಒಬ್ಬಳಿದ್ದಳು. ಅವಳಿಗೊಬ್ಬನೇ ಮಗ, ಜಟ್ಟಪ್ಪ. ಹೇಳಿದ್ದನ್ನು ಹೇಳಿದ ಹಾಗೇ ಮಾಡುವವನು. ಅದೇ ಅವಳ ಸಂಕಟ. ಒಣಹಾಕಿದ ಮೀನಿಗೆ ಬೆಕ್ಕು ಬಾಯಿಹಾಕದಂತೆ ನೋಡಿಕೋ ಅಂದರೆ, ಕಾಗೆ ಕಚ್ಚಿಕೊಂಡು ಹೋಗುವುದನ್ನು ಸುಮ್ಮನೆ ನೋಡುತ್ತ ಕೂರುವವನು. ಕಾಗೆಯ ಮಾತು ಯಾರೂ ಎತ್ತಿರಲಿಲ್ಲವಲ್ಲ!

ಗಂಡ ತೀರಿಕೊಂಡ ಮೇಲೆ ಮಾಸ್ತಮ್ಮನಿಗೆ ಉಳಿದದ್ದು ನಾಲ್ಕು ಚಕ್ರದ ಒಂದು ಬೈಕು. ಪ್ರವಾಸಿಗರನ್ನು ಕೂರಿಸಿಕೊಂಡು ಮರಳ ಮೇಲೆ ಸುತ್ತು ಹಾಕಿಸಿದರೆ ಅಂದಿನ ಊಟ. ಒಂದು ದಿನ ಅದರ ಹಿಂದಿನ ಟಯರು ಬಂಡೆಗೆ ತಾಗಿ ಹರಿಯಿತು. ಗಾಡಿಯನ್ನು ಮನೆಗೆ ಎಳೆದು ತಂದದ್ದಾಯಿತು. ಬೀಚ್ ಸಮಿತಿಯ ಗಿರಿಯಣ್ಣ ಬಂದು, ಶನಿವಾರ ಹೊತ್ತು ಮುಳುಗುವುದರೊಳಗೆ ಗಾಡಿ ಮರಳಿಗೆ ಬರದಿದ್ದರೆ ನಿನ್ನ ಜಾಗ ಬೇರೆಯವರಿಗೆ ಅಂದುಬಿಟ್ಟ.

ಜಾಗ ಬಿಡುವ ಹೆಂಗಸಲ್ಲ ಮಾಸ್ತಮ್ಮ. ಗಾಡಿಯ ಟಯರಿನ ಮೇಲೆ ಬರೆದದ್ದನ್ನು ನೋಡಿಕೊಂಡು ಹೋಗಿ ಅಂಥದ್ದೇ ತಾ ಎಂದು ಮಗನನ್ನು ಪೇಟೆಗೆ ಕಳಿಸಿದಳು. ಜಟ್ಟಪ್ಪ ಕಣ್ಣೆದುರು ಕಂಡ ಮುಂದಿನ ಟಯರನ್ನು ನೋಡಿದ. ಇಪ್ಪತ್ತೆರಡು, ಏಳು, ಹತ್ತು. ಅಂಥದ್ದೇ ತಂದ. ಹಿಂದಿನ ರಿಮ್ಮು ಅಗಲ, ತಂದ ಟಯರು ಸಪೂರ. ಕೂರಲಿಲ್ಲ.

"ಹಿಂದಿನದು ಅಗಲ ಬೇಕು ಕಣೋ! ಮೊದಲಿನ ಅಂಕೆ ಎತ್ತರ, ನಡುವಿನದು ಅಗಲ, ಎಲ್ಲ ಇಂಚಿನಲ್ಲಿ. ನಡುವೆ ಹತ್ತು ಇರಬೇಕು. ನಡುವಿನದನ್ನು ನೋಡು!"

ಜಟ್ಟಪ್ಪ ಮತ್ತೆ ಹೋದ. ನಡುವಿನದನ್ನು ನೋಡಿದ. ಆಚೀಚಿನ ಅಂಕೆಗಳು ಕಣ್ಣಿಗೆ ಬೀಳದಂತೆ ಎರಡೂ ಕೈಯಲ್ಲಿ ಮುಚ್ಚಿಕೊಂಡು ನೋಡಿದ. ತಂದದ್ದು ಇಪ್ಪತ್ತೈದು, ಹತ್ತು, ಹನ್ನೆರಡು. ರಿಮ್ಮನ್ನು ಅದರೊಳಗೆ ಇಟ್ಟರೆ ಬಾವಿಗೆ ಕೊಡ ಬಿದ್ದ ಹಾಗೆ ಬಿತ್ತು.

ಮಾಸ್ತಮ್ಮ ಹಣೆ ಹಣೆ ಚಚ್ಚಿಕೊಂಡಳು. ಕೊನೆಯ ಅಂಕೆ ರಿಮ್ಮಿನ ಅಳತೆ, ಅದೂ ಹತ್ತೇ ಬೇಕು, ಮೊದಲಿನದು ಇಪ್ಪತ್ತೆರಡು ಬೇಕು ಎಂದು ಮೂರನ್ನೂ ಬಾಯಿಪಾಠ ಮಾಡಿಸಿದಳು. ಸಾಲದೆಂದು ಇನ್ನೊಂದು ಮಾತು ಸೇರಿಸಿದಳು.

"ಟಯರಿನ ಮೇಲೆ ಏನೇನು ಬರೆದಿದೆಯೋ ಅಷ್ಟೂ ಓದು. ಓದಿದ ಹಾಗೆ ನಡೆ."

ಶನಿವಾರ ಸಂಜೆಗೆ ಸರಿಯಾದ ಟಯರು ಬಂತು. ಇಪ್ಪತ್ತೆರಡು, ಹತ್ತು, ಹತ್ತು. ರಿಮ್ಮಿಗೆ ಗಪ್ಪನೆ ಕೂತಿತು. ಮಾಸ್ತಮ್ಮನ ಜೀವಕ್ಕೆ ಜೀವ ಬಂತು. ಮನೆಗೂ ಮರಳಿಗೂ ನಡುವೆ ಒಂದು ಡಾಂಬರು ರಸ್ತೆ, ಅಷ್ಟೇ. ಗಾಡಿ ತಗೊಂಡು ಬಾ ಅಂದವಳೇ ಗಿರಿಯಣ್ಣನನ್ನು ಹಿಡಿದು ನಿಲ್ಲಿಸಲು ತಾನು ಮುಂದೆ ಓಡಿದಳು.

ಗಾಡಿ ಬರಲಿಲ್ಲ. ತಲೆಯ ಮೇಲೆ ಒಂದು ಚಕ್ರ ಹೊತ್ತು ಜಟ್ಟಪ್ಪ ಬಂದ. ಇಳಿಸಿ ಹೋದ. ಇನ್ನೊಂದು ಚಕ್ರ ಹೊತ್ತು ಬಂದ. ಇಳಿಸಿ ಹೋದ. ಗಿರಿಯಣ್ಣ ಅವನನ್ನು ನೋಡಿದ, ಮುಳುಗುವ ಹೊತ್ತನ್ನು ನೋಡಿದ, ಬೀಡಿ ಹಚ್ಚಿದ. ನಾಲ್ಕೂ ಚಕ್ರ ಮರಳಿಗೆ ಬಂದ ಮೇಲೆ ಜಟ್ಟಪ್ಪ ಬೆವರು ಒರೆಸಿಕೊಂಡ.

"ಅಷ್ಟೂ ಓದಿದೆ ಅಮ್ಮಾ. ರಸ್ತೆಯಲ್ಲಿ ಓಡಿಸಬಾರದು ಅಂತ ಟಯರಿನ ಮೇಲೆ ಬರೆದಿದೆ. ಗಾಡಿಯ ಮೇಲೆ ಹಾಗೇನೂ ಬರೆದಿಲ್ಲ. ಈಗ ಅದರಲ್ಲಿ ಟಯರೇ ಇಲ್ಲ, ನೀನು ಧೈರ್ಯವಾಗಿ ಓಡಿಸಿಕೊಂಡು ಬಾ."

ಬೈಗುಳ ಬಾಯಿಯ ತನಕ ಬಂತು. ಬೈಯುತ್ತ ನಿಂತರೆ ಹೊತ್ತು ಮುಳುಗುತ್ತದೆ. ಮಾಸ್ತಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ, ಬಲೆ ಎಳೆಯುತ್ತಿದ್ದವರ ಬಳಿ ಓಡಿದಳು. ಅಣ್ಣಂದಿರಾ, ಬಲೆ ಆಮೇಲೆ ಎಳೆಯಿರಿ, ಮೊದಲು ನನ್ನ ಗಾಡಿ ಎತ್ತಿ ಎಂದಳು. ಅವರು ನಗುತ್ತ ಬಂದರು. ಚಕ್ರವಿಲ್ಲದ ಗಾಡಿ ಅವರ ಹೆಗಲೇರಿ, ಐಸಾ ಐಸಾ ಎನ್ನುತ್ತ ರಸ್ತೆ ದಾಟಿ, ಕೆಂಪು ಸೂರ್ಯ ಇನ್ನೂ ನೀರಿನ ಮೇಲಿರುವಾಗಲೇ ಮರಳಿಗೆ ಇಳಿಯಿತು.

ಗಿರಿಯಣ್ಣ ಬೀಡಿ ಆರಿಸಿದ. ಜಾಗ ನಿನ್ನದೇ ಮಾರಾಯ್ತಿ ಅಂದು ಹೋದ.

ಮಾಸ್ತಮ್ಮ ಮರಳಲ್ಲಿ ಕುಸಿದು ಕೂತಳು. ಇನ್ನು ಚಕ್ರ ಹಾಕೋ ಎಂದಳು. ಆದರೆ ಜಟ್ಟಪ್ಪ ಬಲೆಯವರ ಹಿಂದೆ ಓಡುತ್ತಿದ್ದ.

"ಅವರನ್ನು ನಿಲ್ಲಿಸಮ್ಮಾ! ಎಲ್ಲರೂ ಹೋಗಿಬಿಟ್ಟರೆ ಗಾಡಿ ರಸ್ತೆ ದಾಟಿ ಮನೆಗೆ ಹೋಗುವುದು ಹೇಗೆ?"